ಮೇಷ್ಟ್ರ ಮನೆಯ ನಾಲ್ಕು ರಿಮೋಟು

ಅರಸೀಕೆರೆಯಲ್ಲಿ ನನಗೆ ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ. ಹೋದ ಬೇಸಿಗೆಯಲ್ಲಿ ಅವರ ಮನೆಯಿಂದ ಫೋನ್ ಬಂತು. ಮಾತಾಡಿದ್ದು ಅಮ್ಮ, ಮೇಷ್ಟ್ರ ಹೆಂಡತಿ. “ಟಿವಿ ಕೆಟ್ಟಿದೆ ಕಣಪ್ಪ, ಬಿಡುವಾದಾಗ ಬಂದು ನೋಡಿ ಹೋಗು” ಎಂದರು.

ಹೋಗಿ ನೋಡಿದೆ. ಟಿವಿಗೆ ಏನೂ ಆಗಿರಲಿಲ್ಲ. ಗೋಡೆಗೆ 55 ಇಂಚಿನ ಹೊಸ ಟಿವಿ, ಕೆಳಗಿನ ಶೋಕೇಸಿನಲ್ಲಿ ಹೋಮ್ ಥಿಯೇಟರಿನ ಆಂಪ್ಲಿಫೈಯರ್, ಪಕ್ಕದಲ್ಲಿ ಸೆಟ್ ಟಾಪ್ ಬಾಕ್ಸ್, ಹಿಂದೆ ಸಿನಿಮಾ ನೋಡಲು ಸಿಕ್ಕಿಸಿದ ಒಂದು ಸ್ಟಿಕ್, ಕೋಣೆಯ ಮೂಲೆಮೂಲೆಗೆ ಸ್ಪೀಕರ್. ಬೆಂಗಳೂರಿನಲ್ಲಿರುವ ಮಗ ಅಪ್ಪ ಸಂಗೀತ ಕೇಳಲಿ ಎಂದು ಪ್ರೀತಿಯಿಂದ ತಂದು ಹಾಕಿಸಿದ್ದು. ಟೀಪಾಯಿಯ ಮೇಲೆ ಸ್ಟೀಲ್ ತಟ್ಟೆಯಲ್ಲಿ ನಾಲ್ಕು ರಿಮೋಟ್‌ಗಳು, ಅದರಡಿ ಮಗ ಬರೆದಿಟ್ಟ ಚೀಟಿ. ಚೀಟಿಯಲ್ಲಿ 11 ಹಂತಗಳು. ‘ದೊಡ್ಡ ರಿಮೋಟ್‌ನ ಕೆಂಪು ಬಟನ್ ಒತ್ತಿ. ಟಿವಿ ಬಂದ ಮೇಲೆ ಸಣ್ಣ ರಿಮೋಟ್‌ನಲ್ಲಿ ಸೋರ್ಸ್ ಒತ್ತಿ. ನೋ ಸಿಗ್ನಲ್ ಅಂತ ಬಂದರೆ...’ ಹೀಗೆ. ಏಳನೇ ಹಂತದ ಹತ್ತಿರ ಅಮ್ಮನ ಕೈಬರಹದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

ಮೂರು ತಿಂಗಳಿಂದ ಆ ಮನೆಯಲ್ಲಿ ಟಿವಿ ಹಾಕಿರಲಿಲ್ಲ. ದಿನಾ ತಪ್ಪದೆ ಚಂದನ ಚಾನೆಲ್ಲಿನ ‘ಥಟ್ ಅಂತ ಹೇಳಿ’ ಕ್ವಿಜ್ ನೋಡಿ, ಉತ್ತರವನ್ನು ಟಿವಿಗಿಂತ ಮುಂಚೆ ಹೇಳುತ್ತಿದ್ದ ಮೇಷ್ಟ್ರು, “ನನಗೆ ವಯಸ್ಸಾಯಿತು ಕಣಯ್ಯ, ಇವೆಲ್ಲ ತಲೆಗೆ ಹತ್ತೋದಿಲ್ಲ” ಎಂದು ಪೇಪರ್ ತಿರುವಿಹಾಕುತ್ತಾ ಕೂತಿದ್ದರು. ಅದನ್ನು ಕೇಳಿ ನನಗೆ ಹೊಟ್ಟೆ ಚುರ್ ಎಂದಿತು. ಬೆಳಕಿನ ವಕ್ರೀಭವನವನ್ನು ಬಕೆಟ್ ನೀರಿನಲ್ಲಿ ಕೋಲು ಅದ್ದಿ ತೋರಿಸಿದ ಮನುಷ್ಯ ಅವರು. ಅವರ ತಲೆಯಲ್ಲಿ ಯಾವ ದೋಷವೂ ಇಲ್ಲ. ದೋಷವಿರುವುದು ಆ ನಾಲ್ಕು ಡಬ್ಬಗಳು ಒಂದರ ಜೊತೆ ಒಂದು ಮಾತಾಡದ ಹಾಗೆ ತಯಾರಾಗಿ ಬರುವುದರಲ್ಲಿ. ನಲವತ್ತು ವರ್ಷ ಈ ಊರಿನಲ್ಲಿ ಟಿವಿ ರಿಪೇರಿ ಮಾಡಿದ್ದೇನೆ. ಇತ್ತೀಚಿನ ವರ್ಷಗಳಲ್ಲಿ ‘ಟಿವಿ ಕೆಟ್ಟಿದೆ’ ಎಂದು ಕರೆದ ಎಷ್ಟೋ ಮನೆಗಳಲ್ಲಿ ನನಗೆ ಕಂಡದ್ದು ಇದೇ.

ಮೊದಲು ಹೀಗಿರಲಿಲ್ಲ. ಕೇಬಲ್ ವೈರು ನೇರ ಟಿವಿಗೆ ಬರುತ್ತಿದ್ದಾಗ ಒಂದೇ ರಿಮೋಟ್ ಸಾಕಾಗಿತ್ತು. ಕೇಬಲ್ ಡಿಜಿಟಲ್ ಆಗಬೇಕೆಂಬ ಕಾನೂನು ಬಂದು, ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31ರ ಗಡುವು ಕೊಟ್ಟರು. ಆಮೇಲೆ ನಮ್ಮಂಥ ಊರುಗಳಿಗೂ ಬಾಕ್ಸ್ ಬಂತು. ಅಲ್ಲಿಗೆ ರಿಮೋಟ್ ಎರಡಾಯಿತು. ಬಾಕ್ಸ್ ಕಂಪನಿಯವರು ಆಗ ಒಂದು ಒಳ್ಳೆಯ ಕೆಲಸ ಮಾಡಿದರು. ತಮ್ಮ ರಿಮೋಟ್‌ನ ನೆತ್ತಿಯಲ್ಲಿ ಟಿವಿಗೆಂದೇ ನಾಲ್ಕೈದು ಖಾಲಿ ಬಟನ್ ಬಿಟ್ಟರು. ಸೆಟ್ ಬಟನ್ ಹಿಡಿದುಕೊಂಡು, ದೀಪ ಹತ್ತಿದ ಮೇಲೆ ಎರಡು ರಿಮೋಟ್‌ಗಳ ಮುಖ ಎದುರುಬದುರು ಇಟ್ಟು, ಟಿವಿ ರಿಮೋಟ್ ಒತ್ತಿದರೆ ಬಾಕ್ಸಿನ ರಿಮೋಟ್ ಅದನ್ನು ಕಲಿತುಕೊಳ್ಳುತ್ತದೆ. ಎರಡು ನಿಮಿಷದ ಕೆಲಸ. ಈಗಲೂ ಎಷ್ಟೋ ಮನೆಗಳಲ್ಲಿ ಆ ಬಟನ್‌ಗಳು ಖಾಲಿಯೇ ಇವೆ, ಏಕೆಂದರೆ ಬಾಕ್ಸ್ ಹಾಕಲು ಬಂದ ಹುಡುಗನಿಗೆ ಅಂದು ಇನ್ನೂ ಇಪ್ಪತ್ತು ಮನೆ ಬಾಕಿಯಿದ್ದವು.

ಮೇಷ್ಟ್ರ ಮನೆಗೆ ಎರಡು ನಿಮಿಷ ಸಾಲಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಯೂನಿವರ್ಸಲ್ ರಿಮೋಟ್ ತರಿಸಿದೆ. ಬೇರೆ ರಿಮೋಟ್ ನೋಡಿ ಕಲಿಯುವಂಥದು, ಒಂದು ಬಟನ್ನಿಗೆ ಹಲವು ಆಜ್ಞೆಗಳನ್ನು ಸಾಲಾಗಿ ಪೋಣಿಸಬಹುದಾದಂಥದು. ಆದರೆ ಅದನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಟಿವಿಯ ಹಿಂದಕ್ಕೆ ಟಾರ್ಚ್ ಬಿಟ್ಟೆ. ಹೊಸ ಮೆಕ್ಯಾನಿಕ್ ಹುಡುಗರಿಗೆ ನಾನು ಹೇಳುವುದು ಇದೇ: ರಿಮೋಟ್ ಜಗಳದ ಅರ್ಧ ಭಾಗ ವೈರಿನದು. ಇಲ್ಲಿ ಬಾಕ್ಸ್ ಟಿವಿಗೆ, ಸ್ಟಿಕ್ ಆಂಪ್ಲಿಫೈಯರಿಗೆ ಸಿಕ್ಕಿಸಿದ್ದರು. ಹಾಗಾಗಿ ಚಾನೆಲ್ ನೋಡುವಾಗ ಒಂದು ಸೋರ್ಸ್, ಸಿನಿಮಾ ನೋಡುವಾಗ ಇನ್ನೊಂದು. ಚಿತ್ರ ಒಂದು ಕಡೆಯದು, ದನಿ ಇನ್ನೊಂದು ಕಡೆಯದು. ಬಾಕ್ಸ್, ಸ್ಟಿಕ್ ಎರಡನ್ನೂ ಆಂಪ್ಲಿಫೈಯರಿಗೇ ಕೊಟ್ಟು, ಅಲ್ಲಿಂದ ಟಿವಿಯ ಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ತೂತಿಗೆ ಒಂದೇ ವೈರು ಎಳೆದೆ. ಇನ್ನು ಟಿವಿಯ ಸೋರ್ಸನ್ನು ಜನ್ಮದಲ್ಲಿ ಯಾರೂ ಮುಟ್ಟಬೇಕಿಲ್ಲ. ಚೀಟಿಯ 11 ಹಂತಗಳಲ್ಲಿ ನಾಲ್ಕು ಅಲ್ಲೇ ಉದುರಿದವು.

ಆಮೇಲೆ ಕಲಿಸುವ ಕೆಲಸ. ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಪರದೆ ಎಳೆದು, ಎರಡು ರಿಮೋಟ್‌ಗಳನ್ನು ಮೇಜಿನ ಮೇಲೆ ಎರಡು ಬೆರಳು ಅಂತರದಲ್ಲಿ ಮುಖಾಮುಖಿ ಇಟ್ಟೆ. ಬೇರೆ ಬೆಳಕು ಬಿದ್ದರೆ ಹೊಸ ರಿಮೋಟ್ ಅಕ್ಷರ ತಪ್ಪಿ ಕಲಿಯುತ್ತದೆ. ಮೇಷ್ಟ್ರು ಪೇಪರ್ ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಬಂದರು. ನನ್ನ ಫೋನಿನ ಮುಂದಿನ ಕ್ಯಾಮೆರಾ ತೆರೆದು, ರಿಮೋಟ್‌ನ ಮೂತಿಯನ್ನು ಅದಕ್ಕೆ ಹಿಡಿದು ಬಟನ್ ಒತ್ತಿ ತೋರಿಸಿದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಫೋನಿನ ಪರದೆಯಲ್ಲಿ ನೇರಳೆ ಬಣ್ಣದಲ್ಲಿ ಮಿಣುಕಿತು. ಸುಮಾರು 940 ನ್ಯಾನೋಮೀಟರ್ ತರಂಗಾಂತರದ್ದು, ಸೆಕೆಂಡಿಗೆ 38 ಸಾವಿರ ಸಲ ಮಿಡಿಯುತ್ತದೆ ಎಂದೆ. ಬಹಳ ಕಂಪನಿಗಳು ಬಳಸುವ ಎನ್‌ಇಸಿ ಪದ್ಧತಿಯಲ್ಲಿ ಒಂದು ಒತ್ತಿಗೆ 32 ಬಿಟ್‌ಗಳು ಹೋಗುತ್ತವೆ. ಯಾವ ಯಂತ್ರಕ್ಕೆ ಎಂಬುದನ್ನು 8 ಬಿಟ್‌ಗಳಲ್ಲಿ ಹೇಳಿ, ಅದನ್ನೇ ಸೊನ್ನೆಗೆ ಒಂದು, ಒಂದಕ್ಕೆ ಸೊನ್ನೆ ಮಾಡಿ ತಿರುಗಿಸಿ ಮತ್ತೆ ಹೇಳುತ್ತದೆ. ಏನು ಮಾಡಬೇಕು ಎಂಬುದನ್ನೂ ಹಾಗೇ ಎರಡು ಸಲ.

“ಅಂದರೆ ಲೆಕ್ಕ ಮಾಡಿ ತಾಳೆ ನೋಡಿದ ಹಾಗೆ” ಎಂದರು ಮೇಷ್ಟ್ರು. ಮೂರು ತಿಂಗಳಲ್ಲಿ ಆ ಡಬ್ಬಗಳ ಬಗ್ಗೆ ಅವರಿಗೆ ಯಾರೂ ಇಷ್ಟು ಹೇಳಿರಲಿಲ್ಲ.

ಕಷ್ಟ ಶುರುವಾದದ್ದು ಪವರ್ ಬಟನ್ ಹತ್ತಿರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಾನು ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ. ರಿಮೋಟ್‌ನ ಕೆಂಪು ಬಟನ್ ‘ಆನ್ ಆಗು’ ಎಂದು ಹೇಳುವುದಿಲ್ಲ. ‘ಈಗ ಹೇಗಿದ್ದೀಯೋ ಅದಕ್ಕೆ ಉಲ್ಟಾ ಆಗು’ ಎಂದು ಹೇಳುತ್ತದೆ. ಒಂದೇ ಯಂತ್ರವಿದ್ದಾಗ ತೊಂದರೆಯಿಲ್ಲ, ಕಣ್ಣೆದುರೇ ಕಾಣುತ್ತದೆ. ಮೂರು ಯಂತ್ರಕ್ಕೆ ಒಂದೇ ಬಟನ್ನಿನಿಂದ ಹೇಳಹೊರಟರೆ, ಆಗಲೇ ಎದ್ದಿರುವುದು ಮಲಗುತ್ತದೆ, ಮಲಗಿದ್ದು ಏಳುತ್ತದೆ. ನಮ್ಮೂರಿನಲ್ಲಿ ಬೇಸಿಗೆಯ ಸಂಜೆ ಕರೆಂಟ್ ಹೋಗಿ ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕರೆಂಟ್ ಬಂದಾಗ ಮೇಷ್ಟ್ರ ಮನೆಯ ಬಾಕ್ಸ್ ತಾನೇ ಎದ್ದು ಕೂರುತ್ತದೆ, ಟಿವಿ ಏಳುವುದಿಲ್ಲ, ಆಂಪ್ಲಿಫೈಯರೂ ಏಳುವುದಿಲ್ಲ. ಆಗ ಅಮ್ಮ ಆ ಒಂದೇ ಬಟನ್ ಒತ್ತಿದರೆ ಟಿವಿ ಬರುತ್ತದೆ, ಬಾಕ್ಸ್ ಆರುತ್ತದೆ, ಪರದೆಯ ಮೇಲೆ ‘ನೋ ಸಿಗ್ನಲ್’. ಇನ್ನೊಮ್ಮೆ ಒತ್ತಿದರೆ ಇದಕ್ಕೆ ವಿರುದ್ಧ. ಸಾಲಾಗಿ ನಾಲ್ಕು ಸಲ ಹೀಗಾದರೆ ಯಾರಾದರೂ ರಿಮೋಟ್ ತಟ್ಟೆಗೆ ಹಾಕಿ ಏಳುತ್ತಾರೆ.

ಇದಕ್ಕೆ ಪರಿಹಾರ ಯಂತ್ರದ ಒಳಗೇ ಇರುತ್ತದೆ ಎಂಬುದೇ ನನ್ನ ದೊಡ್ಡ ಸಂಕಟ. ಹಲವು ಕಂಪನಿಗಳ ಟಿವಿ, ಆಂಪ್ಲಿಫೈಯರ್‌ಗಳು ಆನ್‌ಗೇ ಒಂದು, ಆಫ್‌ಗೇ ಒಂದು ಬೇರೆ ಬೇರೆ ಸಂಕೇತ ಗುರುತಿಸುತ್ತವೆ. ಆನ್ ಸಂಕೇತವನ್ನು ಹತ್ತು ಸಲ ಕಳಿಸಿದರೂ ಆನ್ ಆಗಿಯೇ ಇರುತ್ತವೆ. ಆದರೆ ಜೊತೆಗೆ ಕೊಡುವ ರಿಮೋಟ್‌ನಲ್ಲಿ ಅದಕ್ಕೆ ಬಟನ್ ಇರುವುದಿಲ್ಲ, ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ. ಬಟನ್ ಇಲ್ಲದ ಮೇಲೆ ಕಲಿಯುವ ರಿಮೋಟ್ ಯಾರನ್ನು ನೋಡಿ ಕಲಿಯಬೇಕು? ನನ್ನ ಫೋನಿನ ನೆತ್ತಿಯಲ್ಲಿ ಅವಕೆಂಪು ದೀಪವಿದೆ. ಒಂದು ಸಂಜೆಯೆಲ್ಲ ಕೂತು, ಸಂಕೇತಗಳನ್ನು ಒಂದೊಂದಾಗಿ ಫೋನಿನಿಂದ ಬಿಟ್ಟು ನೋಡಿ, ಟಿವಿಯ ಆನ್ ಯಾವುದು, ಆಫ್ ಯಾವುದು ಎಂದು ಹಿಡಿದು, ಫೋನಿನಿಂದಲೇ ಹೊಸ ರಿಮೋಟ್‌ಗೆ ಕಲಿಸಿದೆ. ಆಂಪ್ಲಿಫೈಯರಿಗೆ ಆಫ್ ಸಂಕೇತ ಸಿಕ್ಕಿತು; ಆನ್‌ಗೆ ಸೋರ್ಸ್ ಆರಿಸುವ ಬಟನ್ನೇ ಸಾಕಾಯಿತು, ಅದನ್ನು ಒತ್ತಿದರೆ ಅದು ತಾನೇ ಏಳುತ್ತದೆ. ಬಾಕ್ಸಿಗೆ ಎರಡೂ ಸಿಗಲಿಲ್ಲ. ಆದರೆ ಮಲಗಿರುವ ಆ ಬಾಕ್ಸಿಗೆ ಯಾವ ಅಂಕಿ ಒತ್ತಿದರೂ ಎಚ್ಚರವಾಗುತ್ತಿತ್ತು. ಹಾಗಾಗಿ ಮೊದಲು ಒಂದು ಅಂಕಿ, ಸ್ವಲ್ಪ ಹೊತ್ತು ತಡೆ, ಆಮೇಲೆ ಚಂದನದ ಚಾನೆಲ್ ನಂಬರ್ ಎಂದು ಪೋಣಿಸಿದೆ. ಅದನ್ನು ಆರಿಸುವ ಗೋಜಿಗೇ ಹೋಗಲಿಲ್ಲ.

ಎಚ್‌ಡಿಎಂಐ ವೈರಿನಲ್ಲೇ ಇದಕ್ಕೊಂದು ದಾರಿಯಿದೆ ಎಂದು ತಿಳಿದವರು ಹೇಳಬಹುದು. ಹೌದು, ಆ ವೈರಿನ ತುದಿಯ 19 ಪಿನ್‌ಗಳಲ್ಲಿ 13ನೆಯದು ಸಿಇಸಿ, ಯಂತ್ರಗಳು ಒಂದನ್ನೊಂದು ಏಳಿಸಿ, ಮಲಗಿಸಿ, ನಡೆಸಲೆಂದೇ ಇರುವುದು. ಸ್ಟಿಕ್‌ನ ರಿಮೋಟ್ ಬ್ಲೂಟೂತ್‌ನದು, ಬೆಳಕಿನ ಭಾಷೆ ಅದಕ್ಕೆ ಬರುವುದಿಲ್ಲ. ಅದನ್ನು ಟಿವಿಯ ಬಾಣದ ಬಟನ್‌ಗಳಿಂದ ನಡೆಸಲು ನಾನೂ ಈ ಸಿಇಸಿಯನ್ನೇ ಬಳಸಿದೆ. ಆದರೆ ಇದೇ ಸೌಲಭ್ಯಕ್ಕೆ ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್ ಎನ್ನುತ್ತದೆ. ಮೂರೂ ಒಂದೇ ಎಂದು ಮನೆಯವರಿಗೆ ಹೇಗೆ ಗೊತ್ತಾಗಬೇಕು? ಬೇರೆ ಬೇರೆ ಕಂಪನಿಯ ಮೂರು ಯಂತ್ರ ಸೇರಿದಾಗ ಒಂದು ಕೇಳುತ್ತದೆ, ಒಂದು ಅರ್ಧ ಕೇಳುತ್ತದೆ. ಪವರ್ ವಿಷಯದಲ್ಲಿ ನಾನು ಅದನ್ನು ನಂಬುವುದಿಲ್ಲ.

ರಿಮೋಟ್ ಮಾಡಿದ ಮೊದಲಿಗರು ಹಿಡಿಯುವವರ ಬಗ್ಗೆ ಯೋಚಿಸಿದ್ದರು. ಅಮೆರಿಕದ ಜೆನಿತ್ ಕಂಪನಿಯಲ್ಲಿ ಯೂಜಿನ್ ಪಾಲಿ 1955ರಲ್ಲಿ ಮಾಡಿದ ರಿಮೋಟ್ ಬೆಳಕು ಬಿಡುವ ಟಾರ್ಚಿನಂಥದು. ಬಿಸಿಲು ಬಿದ್ದರೂ ಚಾನೆಲ್ ಬದಲಾಗುತ್ತಿತ್ತು. ಮರುವರ್ಷ ರಾಬರ್ಟ್ ಆಡ್ಲರ್ ಅಲ್ಯೂಮಿನಿಯಂ ಸರಳುಗಳನ್ನು ಪುಟ್ಟ ಸುತ್ತಿಗೆಯಿಂದ ಬಡಿದು ಕಿವಿಗೆ ಕೇಳದ ಶಬ್ದ ಹೊರಡಿಸುವ ರಿಮೋಟ್ ಮಾಡಿದರು. ಅದಕ್ಕೆ ಸೆಲ್ಲೇ ಬೇಡ. ಸೆಲ್ ಮುಗಿದಾಗ ಜನ ಟಿವಿಯೇ ಕೆಟ್ಟಿತೆಂದುಕೊಳ್ಳುತ್ತಾರೆ ಎಂದು ಕಂಪನಿಯ ಮಾರಾಟದವರು ಸೆಲ್ ಬೇಡವೆಂದು ಹಟ ಹಿಡಿದಿದ್ದರಂತೆ. ಎಂಥ ಒಳ್ಳೆಯ ಹಟ. ಆಪಲ್ ಸಂಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ 1987ರಲ್ಲಿ ಕೋರ್ ಎಂಬ ಕಲಿಯುವ ರಿಮೋಟ್ ತಂದರು. ಮುಂದೆ ಮನೆಯ ಎಲ್ಲ ಯಂತ್ರಗಳನ್ನೂ ಒಂದು ಬಟನ್ನಿಗೆ ಕಟ್ಟುವ ಹಾರ್ಮನಿ ರಿಮೋಟ್ ಬಂತು. ಲಾಜಿಟೆಕ್ 2021ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟಿತು. ಕೊಳ್ಳುವವರು ಕಾಯುತ್ತಾ ಕೂತರೆ ಮಾರುಕಟ್ಟೆ ತಾನಾಗಿ ಇದನ್ನು ಸರಿಮಾಡುತ್ತದೆ ಎಂಬ ನಂಬಿಕೆ ನನಗೆ ಆವತ್ತೇ ಹೋಯಿತು.

ಹಾಗಾಗಿ ಭಾರತೀಯ ಮಾನಕ ಬ್ಯೂರೋ ಈ ವಿಷಯಕ್ಕೆ ಕೈ ಹಾಕಬೇಕು. ಇದೇನೂ ಅದಕ್ಕೆ ಹೊರಗಿನ ಕೆಲಸವಲ್ಲ. 2023ರ ಜನವರಿಯಲ್ಲಿ ಅದು ಪ್ರಕಟಿಸಿದ ಮಾನಕಗಳಲ್ಲಿ ಒಂದು ಚಾರ್ಜಿಂಗಿಗೆ ಬಳಸುವ ಟೈಪ್-ಸಿ ಪೋರ್ಟು, ಪ್ಲಗ್, ಕೇಬಲ್ ಕುರಿತಾದದ್ದು. ಇನ್ನೊಂದು, ಸೆಟ್ ಟಾಪ್ ಬಾಕ್ಸ್ ಇಲ್ಲದೆಯೇ ಉಪಗ್ರಹದ ಉಚಿತ ಚಾನೆಲ್‌ಗಳನ್ನು ಹಿಡಿಯಬಲ್ಲ ಟಿವಿಗೆ ಸಂಬಂಧಿಸಿದ್ದು. ಅಷ್ಟು ಯೋಚಿಸಿದವರು ಇನ್ನೊಂದು ಹೆಜ್ಜೆ ಇಡಲಿ. ಟಿವಿ, ಬಾಕ್ಸ್, ಆಂಪ್ಲಿಫೈಯರ್, ಸೌಂಡ್ ಬಾರ್ ಯಾವುದೇ ಇರಲಿ, ಆನ್‌ಗೂ ಆಫ್‌ಗೂ ಪ್ರತ್ಯೇಕ ಸಂಕೇತ ಇರಲೇಬೇಕು. ಆ ಸಂಕೇತಗಳನ್ನು ಯಂತ್ರದ ಬೆನ್ನಿನ ಮೇಲೆ, ವೋಲ್ಟೇಜ್ ಅಚ್ಚು ಹಾಕುವ ಜಾಗದಲ್ಲೇ ಅಚ್ಚು ಹಾಕಬೇಕು. ಸಿಇಸಿಯನ್ನು ಎಲ್ಲ ಕಂಪನಿಗಳೂ ಸಿಇಸಿ ಎಂದೇ ಕರೆಯಬೇಕು. ಇದರಿಂದ ಕಂಪನಿಗೆ ಬೀಳುವ ಖರ್ಚು ಒಂದು ಸ್ಟಿಕ್ಕರಿನಷ್ಟು. ಜೊತೆಗೆ ಅಂಗಡಿಯವರಿಗೂ ಒಂದು ಮಾತು. ಲಕ್ಷದ ಹತ್ತಿರದ ಸಾಮಾನು ಮಾರಿದ ಮೇಲೆ ಡೆಮೋಗೆ ಬರುವ ಹುಡುಗ ಫೋನಿನಲ್ಲಿ ಮಗನ ಜೊತೆ ಮಾತಾಡಿ, ‘ಆಯ್ತು ಸಾರ್’ ಎಂದು ಹೊರಟುಬಿಡುತ್ತಾನೆ. ಮನೆಯಲ್ಲಿ ರಿಮೋಟ್ ಹಿಡಿಯುವವರು ಯಾರೋ ಅವರ ಕೈಯಲ್ಲಿ ಮೂರು ಸಲ ಆನ್, ಆಫ್ ಮಾಡಿಸಿದ ಮೇಲೇ ಅವನು ಕಾಗದಕ್ಕೆ ಸಹಿ ಕೇಳಬೇಕು.

ಮೇಷ್ಟ್ರ ಮನೆಯಲ್ಲಿ ಹಸಿರು ಬಟನ್ ಚಂದನಕ್ಕೆ, ಹಳದಿ ಬಟನ್ ಸಂಗೀತಕ್ಕೆ, ಕೆಂಪು ಬಟನ್ ಟಿವಿ, ಆಂಪ್ಲಿಫೈಯರ್ ಆರಿಸಲು ಎಂದು ಇಟ್ಟೆ. ಹಸಿರು ಒತ್ತಿದರೆ ಎಲ್ಲ ಎದ್ದು ನಿಲ್ಲಲು ಇಪ್ಪತ್ತು ಸೆಕೆಂಡ್ ಬೇಕು, ಅಲ್ಲಿಯವರೆಗೆ ರಿಮೋಟ್ ಟಿವಿ ಕಡೆಗೇ ಮುಖ ಮಾಡಿರಬೇಕು. ಒತ್ತಿದ ತಕ್ಷಣ ಕೈ ಇಳಿಸುವುದು ಎಲ್ಲರ ಅಭ್ಯಾಸ. ಅದಕ್ಕೆ ಟೀಪಾಯಿಯ ಮೇಲೆ ಮರದ ಒಂದು ಸ್ಟ್ಯಾಂಡ್ ಇಟ್ಟು ರಿಮೋಟನ್ನು ಅದರಲ್ಲೇ ಒರಗಿಸಿದೆ. ಅಮ್ಮ ಒಳಗೆ ಹೋಗಿ ಸ್ಟಿಕ್ಕರ್ ಬಿಂದಿಯ ಹಾಳೆ ತಂದರು. ಹಸಿರು ಬಟನ್ನಿಗೆ ಒಂದು, ಕೆಂಪಿನದಕ್ಕೆ ಎರಡು ಬಿಂದಿ ಅಂಟಿಸಿದರು. ಕನ್ನಡಕ ಇಲ್ಲದಿದ್ದರೂ ಬೆರಳಿಗೆ ತಿಳಿಯುತ್ತದೆ ಎಂದರು. ಇಷ್ಟು ವರ್ಷ ಈ ಕಸುಬಿನಲ್ಲಿದ್ದರೂ ನನಗೆ ಹೊಳೆಯದ ಉಪಾಯ ಅದು, ಈಗ ಎಲ್ಲ ಮನೆಗಳಲ್ಲೂ ಹಾಗೇ ಮಾಡುತ್ತಿದ್ದೇನೆ.

ಕೊನೆಗೆ ನಾನೇ ಮೇನ್ ಸ್ವಿಚ್ ಇಳಿಸಿದೆ. ಎರಡು ನಿಮಿಷ ಬಿಟ್ಟು ಏರಿಸಿದೆ. ಬಾಕ್ಸ್ ತಾನೇ ಎದ್ದು ಹಸಿರು ದೀಪ ತೋರಿಸಿತು, ಉಳಿದವು ಮಲಗಿದ್ದವು. “ಅಮ್ಮಾ, ಒತ್ತಿ” ಎಂದೆ. ಬಿಂದಿಯ ಮೇಲೆ ಬೆರಳಿಟ್ಟು ಒತ್ತಿದರು. ಟಿವಿ ಬೆಳಗಿತು, ಆಂಪ್ಲಿಫೈಯರ್ ಕಟಕ್ ಎಂದಿತು, ಚಂದನ ಬಂತು. ಮೇಷ್ಟ್ರು “ಸೌಂಡ್ ಸ್ವಲ್ಪ ಕಮ್ಮಿ ಮಾಡೇ” ಎಂದರು. ಅಮ್ಮ ಮಾಡಿದರು.

ನಾನು ಪೆನ್ನು ತೆಗೆದು, ಮಗನ ಚೀಟಿಯ ಹಿಂಬದಿಯಲ್ಲಿ ಆ ಸಂಕೇತಗಳನ್ನೆಲ್ಲ ಬರೆದು, ಟಿವಿಯ ಬೆನ್ನಿಗೆ ಸೆಲ್ಲೋಟೇಪ್ ಹಾಕಿ ಅಂಟಿಸಿ ಬಂದೆ.