ನಾಣ್ಯವೂ ನ್ಯಾಯವೂ

ಹಬ್ಬದ ಮಾರನೆಯ ದಿನ ಒಂದೇ ಒಂದು ಹೋಳಿಗೆ ಉಳಿದು, ಅದಕ್ಕಾಗಿ ನಾನೂ ನನ್ನ ತಮ್ಮನೂ ಜಗಳಕ್ಕೆ ನಿಂತರೆ ನಮ್ಮ ಅಜ್ಜಿ ಕೊಡುತ್ತಿದ್ದ ತೀರ್ಪು ಒಂದೇ: “ಒಬ್ಬ ಮುರೀಲಿ, ಇನ್ನೊಬ್ಬ ಆರಿಸ್ಕೊಳ್ಳಲಿ.” ಮುರಿಯುವ ಕೈಗೆ ಆಗ ತಾನಾಗಿಯೇ ನ್ಯಾಯಬುದ್ಧಿ ಬರುತ್ತಿತ್ತು. ಹೆಚ್ಚು ಕಡಮೆ ಇದೇ ತೀರ್ಪನ್ನು 2021ರಲ್ಲಿ ಬಾಲ್ಟಿಮೋರ್ ತಂಡದವರು ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನ ಮುಂದೆ ಒಂದು ನಿಯಮದ ರೂಪದಲ್ಲಿ ಇಟ್ಟಿದ್ದರೆಂದು ಓದಿದಾಗ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಪಂದ್ಯ ಸಮವಾದಾಗ ಗೆಲುವನ್ನು ಹೇಗೆ ತೀರ್ಮಾನಿಸಬೇಕೆಂಬ ಪ್ರಶ್ನೆ ಆ ಲೀಗನ್ನು ಬಹು ಕಾಲದಿಂದ ಕಾಡುತ್ತ ಬಂದಿದೆ. ಅದರ ಬಗೆಗೆ ನನ್ನ ಅಭಿಪ್ರಾಯವನ್ನು ಗುರುಗಳ ಮತ್ತು ಸಹಪಾಠಿಗಳ ಮುಂದೆ ಇಡುವುದಷ್ಟೇ ಈ ಲೇಖನದ ಉದ್ದೇಶ.

ಹೆಸರು ಫುಟ್‌ಬಾಲಾದರೂ ಈ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಪಡೆದ ತಂಡ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ. ಹೋಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆಯಾಚೆಗೆ ಚೆಂಡನ್ನು ಒಯ್ದರೆ ಅದು ಟಚ್‌ಡೌನ್, ಆರು ಅಂಕ. ದೂರದಿಂದಲೇ ಒದ್ದು ಎರಡು ಕಂಬಗಳ ನಡುವೆ ಹಾಯಿಸಿದರೆ ಅದು ಫೀಲ್ಡ್ ಗೋಲ್, ಮೂರು ಅಂಕ. ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಸಂಗತಿ ಒಂದುಂಟು. ಒಂದೇ ತಂಡದಲ್ಲಿ ಆಕ್ರಮಣಕ್ಕೆ ಹನ್ನೊಂದು ಮಂದಿ, ರಕ್ಷಣೆಗೆ ಬೇರೆಯೇ ಹನ್ನೊಂದು ಮಂದಿ. ಒಂದು ಗುಂಪು ಆಡುವಾಗ ಇನ್ನೊಂದು ಗೆರೆಯ ಹೊರಗೆ ನಿಂತು ನೋಡುತ್ತದೆ. ನನ್ನ ವಾದವೆಲ್ಲ ನಿಂತಿರುವುದು ಈ ಸಂಗತಿಯ ಮೇಲೆಯೇ.

ಅರವತ್ತು ನಿಮಿಷ ಆಡಿಯೂ ಅಂಕ ಸಮವಾದರೆ ಏನು ಮಾಡಬೇಕು? 1958ರ ಡಿಸೆಂಬರ್ 28ರಂದು ನ್ಯೂಯಾರ್ಕ್ ಮತ್ತು ಬಾಲ್ಟಿಮೋರ್ ತಂಡಗಳ ನಡುವಣ ಅಂತಿಮ ಪಂದ್ಯ 17–17ರಲ್ಲಿ ನಿಂತಾಗ ‘ಹಠಾತ್ ಮರಣ’ದ ನಿಯಮದಂತೆ ಆಟ ಮುಂದುವರಿಯಿತು. ಮೊದಲು ಅಂಕ ಗಳಿಸಿದವರೇ ಗೆದ್ದಂತೆ ಎಂಬುದು ಅದರ ಅರ್ಥ. ಟಾಸ್ ಗೆದ್ದು ಚೆಂಡು ಪಡೆದ ನ್ಯೂಯಾರ್ಕ್ ಮುಂದೆ ಸಾಗಲಾರದೆ ಹೋಯಿತು. ಬಾಲ್ಟಿಮೋರ್ 80 ಗಜ ಸಾಗಿ 23–17ರಿಂದ ಗೆದ್ದಿತು. 1974ರಲ್ಲಿ ಈ ನಿಯಮ ಲೀಗಿನ ಸಾಮಾನ್ಯ ಪಂದ್ಯಗಳಿಗೂ ಬಂದಿತು. ಆದರೆ ಕಾಲ ಕಳೆದಂತೆ ಒದೆಯುವವರ ಗುರಿ ಬಲಿಯಿತು. ಟಾಸ್ ಗೆದ್ದವರು ಮೈದಾನದ ಅರ್ಧವನ್ನು ದಾಟಿ ಸ್ವಲ್ಪ ಮುಂದೆ ಹೋಗಿ ಮೂರು ಅಂಕ ಒದ್ದರೆ ಮುಗಿಯಿತು. 2010ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ತಂಡ ಮಿನ್ನೆಸೋಟವನ್ನು ಹೀಗೆಯೇ 31–28ರಿಂದ ಸೋಲಿಸಿತು. ಆ ವರ್ಷವೇ ನಿಯಮ ಬದಲಾಯಿತು: ಮೊದಲ ಸರದಿಯಲ್ಲಿ ಫೀಲ್ಡ್ ಗೋಲಾದರೆ ಎದುರಾಳಿಗೂ ಒಂದು ಸರದಿ, ಟಚ್‌ಡೌನಾದರೆ ಮಾತ್ರ ಆಟ ಅಲ್ಲಿಗೇ ಮುಕ್ತಾಯ. ಇದು ಮೊದಲು ನಾಕ್‌ಔಟ್ ಪಂದ್ಯಗಳಿಗೆ, 2012ರಿಂದ ಎಲ್ಲ ಪಂದ್ಯಗಳಿಗೆ ಅನ್ವಯಿಸಿತು.

ಇದು ಅರೆ ನ್ಯಾಯ. ಇದರ ಕೊರತೆ ಎಷ್ಟೆಂಬುದು 2022ರ ಜನವರಿ 23ರ ಪಂದ್ಯದಲ್ಲಿ ಕಣ್ಣಿಗೆ ಕಂಡಿತು. ನಮ್ಮಲ್ಲಿ ಆಗ ಸೋಮವಾರದ ಬೆಳಗು, ನಾನು ಪಿ.ಯು.ಸಿ. ತರಗತಿಗೆ ತಡಮಾಡಿಕೊಂಡು ಅದನ್ನು ನೋಡುತ್ತ ಕುಳಿತಿದ್ದೆ. ಬಫಲೋ ಮತ್ತು ಕ್ಯಾನ್ಸಾಸ್ ಸಿಟಿ ತಂಡಗಳು ಕೊನೆಯ ಎರಡು ನಿಮಿಷಗಳಲ್ಲಿಯೇ 25 ಅಂಕಗಳನ್ನು ಸೇರಿಸಿದವು. ಬಫಲೋ ಮೂರು ಅಂಕ ಮುಂದಾದಾಗ ಉಳಿದಿದ್ದದ್ದು 13 ಸೆಕೆಂಡು. ಅಷ್ಟರಲ್ಲಿಯೇ ಕ್ಯಾನ್ಸಾಸ್ 36–36ಕ್ಕೆ ಸಮಮಾಡಿತು. ಅನಂತರ ನಾಣ್ಯ ಮೇಲೆ ಹಾರಿತು. ಬಫಲೋ ಕೇಳಿದ್ದು ಒಂದು ಮುಖ, ಬಿದ್ದದ್ದು ಇನ್ನೊಂದು. ಕ್ಯಾನ್ಸಾಸ್ ಚೆಂಡು ಪಡೆದು 75 ಗಜ ಸಾಗಿ ಟಚ್‌ಡೌನ್ ಗಳಿಸಿತು. ಅಂದು ಅಷ್ಟು ಅದ್ಭುತವಾಗಿ ಆಡಿದ ಬಫಲೋದ ಜಾಷ್ ಆಲೆನ್ ಹೆಚ್ಚುವರಿ ಅವಧಿಯಲ್ಲಿ ಚೆಂಡನ್ನು ಮುಟ್ಟಲೇ ಇಲ್ಲ. ವಿಧಿಯ ಹಾಸ್ಯವನ್ನು ನೋಡಿ: ಮೂರು ವರ್ಷಗಳ ಹಿಂದೆ, 2019ರ ಜನವರಿಯಲ್ಲಿ, ಇದೇ ಕ್ಯಾನ್ಸಾಸ್ ತಂಡ ನ್ಯೂ ಇಂಗ್ಲೆಂಡಿನೆದುರು ಹೀಗೆಯೇ ಸೋತು, ನಿಯಮವನ್ನು ಬದಲಾಯಿಸಿರೆಂದು ಕೇಳಿಕೊಂಡಿತ್ತು. ಆಗ ಯಾರೂ ಕಿವಿಗೊಡಲಿಲ್ಲ.

ಹಳೆಯ ನಿಯಮದ ಪಕ್ಷಪಾತಿಗಳು ಎರಡು ಮಾತು ಹೇಳುತ್ತಾರೆ. ನಾಣ್ಯಕ್ಕೆ ಯಾರ ಮೇಲೂ ಮಮತೆಯಿಲ್ಲ, ಇಬ್ಬರಿಗೂ ಸಮಾನ ಅವಕಾಶವಿದೆಯಷ್ಟೆ ಎಂಬುದು ಮೊದಲನೆಯದು. ಒಪ್ಪೋಣ. ಆದರೆ ಸಮಾನ ಅವಕಾಶ ಬೇರೆ, ಸಮಾನ ಪರೀಕ್ಷೆ ಬೇರೆ. ಲಾಟರಿಯಲ್ಲಿಯೂ ಎಲ್ಲರಿಗೂ ಸಮಾನ ಅವಕಾಶವೇ. ಹಾಗೆಂದು ಲಾಟರಿ ಗೆದ್ದವನನ್ನು ಯಾರೂ ಶೂರನೆನ್ನುವುದಿಲ್ಲ. ಎರಡನೆಯ ಮಾತು ಇನ್ನೂ ಗಟ್ಟಿಯಾದದ್ದು: ರಕ್ಷಣೆಯೂ ಆಟದ ಭಾಗವಲ್ಲವೆ, ಟಾಸ್ ಸೋತವರು ಎದುರಾಳಿಯನ್ನು ತಡೆದು ನಿಲ್ಲಿಸಿದರೆ ಚೆಂಡು ತಾನಾಗಿ ದೊರೆಯುವುದಿಲ್ಲವೆ? ಮರುವಾರವೇ ಕ್ಯಾನ್ಸಾಸ್ ಟಾಸ್ ಗೆದ್ದೂ ಸಿನ್ಸಿನಾಟಿಗೆ ಸೋತದ್ದು ಇದಕ್ಕೆ ಸಾಕ್ಷಿ. ದಿಟ. ಆದರೆ ತಡೆದು ತೋರಿಸಬೇಕಾದವರು ಟಾಸ್ ಸೋತವರು ಮಾತ್ರವೇ? ಗೆದ್ದ ತಂಡದ ರಕ್ಷಣೆಯ ಹನ್ನೊಂದು ಮಂದಿ ಮೈದಾನಕ್ಕೆ ಇಳಿಯದೆಯೇ ವಿಜಯಿಗಳಾದರಲ್ಲ! ಒಬ್ಬ ವಿದ್ಯಾರ್ಥಿಗೆ ಕಠಿಣವಾದ ಪತ್ರಿಕೆ ಕೊಟ್ಟು, ಇನ್ನೊಬ್ಬನಿಗೆ ಆ ಪತ್ರಿಕೆಯನ್ನೇ ಮಾಫಿ ಮಾಡಿ, ಕೊನೆಗೆ ಇಬ್ಬರ ಅಂಕಗಳನ್ನು ಹೋಲಿಸಿದರೆ ನಾವು ಸುಮ್ಮನಿರುತ್ತೇವೆಯೆ? 2010ರ ನಿಯಮದ ಕೆಳಗೆ ಹೆಚ್ಚುವರಿ ಅವಧಿಗೆ ಹೋದ 12 ನಾಕ್‌ಔಟ್ ಪಂದ್ಯಗಳಲ್ಲಿ 10ನ್ನು ಟಾಸ್ ಗೆದ್ದವರೇ ಗೆದ್ದರು; ಅವುಗಳಲ್ಲಿ 7 ಮೊದಲ ಸರದಿಯಲ್ಲಿಯೇ ಮುಗಿದುಹೋದವು.

2022ರ ಮಾರ್ಚಿನಲ್ಲಿ ತಂಡಗಳ ಒಡೆಯರು 29–3 ಮತಗಳಿಂದ ನಾಕ್‌ಔಟ್ ಪಂದ್ಯಗಳಲ್ಲಿ ಇಬ್ಬರಿಗೂ ಒಂದೊಂದು ಸರದಿ ಖಂಡಿತವೆಂದು ತೀರ್ಮಾನಿಸಿದರು. ಅದು ಮೊದಲು ಪರೀಕ್ಷೆಗೊಳಗಾದದ್ದು 2024ರ ಫೆಬ್ರವರಿಯ ಸೂಪರ್ ಬೌಲ್ ಪಂದ್ಯದಲ್ಲಿ. ಟಾಸ್ ಗೆದ್ದ ಸ್ಯಾನ್ ಫ್ರಾನ್ಸಿಸ್ಕೋ ಮೊದಲು ಚೆಂಡು ಪಡೆದು ಮೂರು ಅಂಕ ಗಳಿಸಿತು. ಕ್ಯಾನ್ಸಾಸ್ ಉತ್ತರವಾಗಿ ಟಚ್‌ಡೌನ್ ಗಳಿಸಿ 25–22ರಿಂದ ಗೆದ್ದಿತು. ಸ್ಯಾನ್ ಫ್ರಾನ್ಸಿಸ್ಕೋ ಮಾಡಿದ ಆಯ್ಕೆ ಸರಿಯೋ ತಪ್ಪೋ ಎಂದು ದೊಡ್ಡ ಚರ್ಚೆಯೇ ನಡೆಯಿತು. ಎರಡನೆಯವರಿಗೆ ತಮಗೆ ಎಷ್ಟು ಅಂಕ ಬೇಕೆಂದು ಗೊತ್ತಿರುತ್ತದೆ. ಆದರೆ ಒಂದೊಂದು ಸರದಿಯಾದ ಮೇಲೂ ಸಮವಾಗಿದ್ದರೆ ಮೂರನೆಯ ಸರದಿ ಮೊದಲನೆಯವರದು, ಮತ್ತು ಅಲ್ಲಿಂದ ಮುಂದೆ ಹಠಾತ್ ಮರಣವೇ. ಯಾವುದು ಲೇಸು? ಈ ಚರ್ಚೆ ನಡೆದದ್ದೇ ನನಗೆ ಸಂತೋಷ ಕೊಟ್ಟ ಸಂಗತಿ. ಟಾಸ್ ಗೆದ್ದವನು ಕಣ್ಣು ಮುಚ್ಚಿಕೊಂಡು ಆರಿಸುವ ಹಾಗಿದ್ದರೆ ಆ ನಿಯಮ ಅನ್ಯಾಯದ್ದು. ಏನನ್ನು ಆರಿಸಲೆಂದು ಅವನು ತಲೆ ಕೆರೆದುಕೊಳ್ಳುವಂತಾದರೆ ಅದು ನ್ಯಾಯಕ್ಕೆ ಹತ್ತಿರವಾಗಿದೆ. ನನಗೆ ತೋರುವ ಒರೆಗಲ್ಲು ಇದೇ.

ಸಾಮಾನ್ಯ ಪಂದ್ಯಗಳಿಗೆ ಈ ನ್ಯಾಯ ತಲಪಲು 2025ನೆಯ ಇಸವಿ ಬರಬೇಕಾಯಿತು. ಆಟ ಲಂಬಿಸಿದರೆ ದಣಿವೂ ಗಾಯವೂ ಹೆಚ್ಚೆಂಬ ಅಂಜಿಕೆಯನ್ನು ನಾನು ತಳ್ಳಿಹಾಕಲಾರೆ. ಮೈಯೊಡ್ಡಿ ಡಿಕ್ಕಿ ಹೊಡೆಯುವ ಆಟವದು. ಆದರೆ ಅದಕ್ಕೆ ಪರಿಹಾರ ಸಮಾನ ಫಲಿತಾಂಶವನ್ನು ಒಪ್ಪುವುದೇ ಹೊರತು ಒಬ್ಬರ ಸರದಿಯನ್ನು ಕಸಿಯುವುದಲ್ಲ. 2025ರ ಸೆಪ್ಟೆಂಬರ್ 28ರಂದು ಡಲ್ಲಾಸ್ ಮತ್ತು ಗ್ರೀನ್ ಬೇ ತಂಡಗಳು ಹೆಚ್ಚುವರಿ ಅವಧಿಯ ಹತ್ತು ನಿಮಿಷಗಳಲ್ಲಿ ಮೂರು ಮೂರು ಅಂಕ ಗಳಿಸಿ 40–40ಕ್ಕೆ ಆಟ ಮುಗಿಸಿದವು. ಯಾರೂ ಗೆಲ್ಲಲಿಲ್ಲ, ಯಾರಿಗೂ ಅನ್ಯಾಯವಾಗಲಿಲ್ಲ.

ಇನ್ನು ಬಾಲ್ಟಿಮೋರಿನವರ ಸಲಹೆ: ಆಟ ಮೈದಾನದ ಯಾವ ಗಜದಿಂದ ಪ್ರಾರಂಭವಾಗಬೇಕೆಂದು ಒಬ್ಬರು ಹೇಳಲಿ, ಚೆಂಡು ಬೇಕೋ ರಕ್ಷಣೆ ಬೇಕೋ ಎಂದು ಇನ್ನೊಬ್ಬರು ಆರಿಸಿಕೊಳ್ಳಲಿ. ಆ ಸಲಹೆ ಅಂಗೀಕಾರವಾಗಲಿಲ್ಲ. ನಾಣ್ಯವನ್ನು ಮೂಲೆಗೆ ತಳ್ಳಿ ಆಟಗಾರರ ವಿವೇಕವನ್ನು ಮುಂದಕ್ಕೆ ತರುವ ದಾರಿ ಅದಕ್ಕಿಂತ ಒಳ್ಳೆಯದು ನನಗೆ ಕಾಣದು. ನಮ್ಮ ಅಜ್ಜಿ ಫುಟ್‌ಬಾಲನ್ನು ಕಂಡವಳಲ್ಲ. ಆದರೂ ಆ ಒಡೆಯರ ಸಭೆಯಲ್ಲಿ ಅವಳಿಗೆ ಒಂದು ಮತವಿದ್ದಿದ್ದರೆ ಅದು ಯಾವ ಕಡೆಗೆ ಬೀಳುತ್ತಿತ್ತೆಂದು ನಾನು ಬಲ್ಲೆ.