ಲೆಕ್ಕ ಕಂಪನಿಯದು, ಮುದ್ರೆ ಯಾರದು?

ವಾಡಿಯಿಂದ ತಾಂಡೂರಿನ ಕಡೆಗೆ ಹೊರಟ ರೈಲು ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳನ್ನು ದಾಟುವಷ್ಟರಲ್ಲಿ ದೇಶದ ಪ್ರಮುಖ ಸಿಮೆಂಟ್ ಕಾರ್ಖಾನೆಗಳು ಒಂದರ ಹಿಂದೊಂದು ಕಣ್ಣಿಗೆ ಬೀಳುತ್ತವೆ. ಚಿಮಣಿಗಳು ನಿಂತಲ್ಲೇ ನಿಂತಿವೆ. ಒಡೆತನ ಮಾತ್ರ ನಿಂತಲ್ಲಿ ನಿಂತಿಲ್ಲ. ಮಳಖೇಡದ ರಾಜಶ್ರೀ ಕಾರ್ಖಾನೆ 2010ರಲ್ಲಿ ಅಲ್ಟ್ರಾಟೆಕ್ ತೆಕ್ಕೆಗೆ ಸೇರಿತು. ವಾಡಿಯ ಎ.ಸಿ.ಸಿ. 2022ರಲ್ಲಿ ಅದಾನಿ ಸಮೂಹದ ಪಾಲಾಯಿತು. ಸೇಡಂನ ವಾಸವದತ್ತಾ 2025ರಲ್ಲಿ ಅಲ್ಟ್ರಾಟೆಕ್‌ನೊಳಗೆ ವಿಲೀನಗೊಂಡಿತು. ಅದೇ ವರ್ಷ ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಕಾರ್ಖಾನೆ ಹೊಂದಿದ್ದ ಓರಿಯೆಂಟ್ ಸಿಮೆಂಟ್ ಅಂಬುಜಾ ಕಂಪನಿಯ ವಶವಾಯಿತು. ಕೋಡ್ಲಾದ ಶ್ರೀ ಸಿಮೆಂಟ್, ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿರುವ ಫ್ರಾನ್ಸಿನ ವಿಕಾ ಸಮೂಹದ ಕಲಬುರ್ಗಿ ಸಿಮೆಂಟ್ ಇವೆರಡನ್ನೂ ಸೇರಿಸಿದರೆ, ಕಾಗಿಣಾ ನದಿಯ ಆಸುಪಾಸಿನ ಸಿಮೆಂಟ್ ಉದ್ಯಮವೆಂದರೆ ಇಂದು ಬಹುಮಟ್ಟಿಗೆ ನಾಲ್ಕು ಸಮೂಹಗಳ ವ್ಯವಹಾರ.

ಈ ಬದಲಾವಣೆಯ ಒಂದು ಪರಿಣಾಮದ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. ಕಾರ್ಖಾನೆಯ ಒಡೆತನ ದೂರ ಸರಿದಂತೆ, ಅದರ ನಡವಳಿಕೆಯ ಲೆಕ್ಕವೂ ದೂರ ಸರಿಯಿತು.

ನೋಂದಾಯಿತ ಕಂಪನಿಗಳು ತಮ್ಮ ಸಾಮಾಜಿಕ ಹಾಗೂ ಪರಿಸರ ನಡವಳಿಕೆಯ ವಿವರ ನೀಡಬೇಕೆಂಬ ನಿಯಮವನ್ನು ಸೆಬಿ 2012ರಲ್ಲಿ ಮೊದಲ 100 ಕಂಪನಿಗಳಿಂದ ಆರಂಭಿಸಿತು. 2021ರ ಮೇ ತಿಂಗಳಲ್ಲಿ ಅದಕ್ಕೆ ‘ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತಾ ವರದಿ’ಯ ರೂಪ ಬಂತು, 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಿಗೆ ಅದು ಕಡ್ಡಾಯವಾಯಿತು. 2023ರ ಜುಲೈ 12ರ ಸುತ್ತೋಲೆಯು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ವರದಿಯ ತಿರುಳಾದ ಒಂಬತ್ತು ಅಂಶಗಳನ್ನು ಹೊರಗಿನವರಿಂದ ಸ್ವತಂತ್ರವಾಗಿ ದೃಢೀಕರಿಸಿಕೊಳ್ಳಬೇಕೆಂದು ವಿಧಿಸಿತು. 2023-24ರಲ್ಲಿ ಮೊದಲ 150 ಕಂಪನಿಗಳಿಂದ ಆರಂಭವಾದ ಈ ವ್ಯವಸ್ಥೆ 2026-27ಕ್ಕೆ 1,000 ಕಂಪನಿಗಳನ್ನು ಒಳಗೊಳ್ಳುವಂತೆ ರೂಪಿತವಾಗಿದೆ.

ಇದು ಮುಂಬಯಿ, ಅಹಮದಾಬಾದುಗಳ ದೊಡ್ಡವರ ಮಾತು, ಕಾರ್ಖಾನೆಗೆ ಬೋಲ್ಟು, ಬೆಲ್ಟು, ಚೀಲ ಪೂರೈಸುವವರಿಗೂ ಲಾರಿ ಮಾಲೀಕರಿಗೂ ಇದರಿಂದೇನು ಎಂದು ಸೇಡಂನ ವರ್ತಕರೊಬ್ಬರು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಆ ಒಂಬತ್ತು ಅಂಶಗಳ ಪಟ್ಟಿಯನ್ನು ಒಮ್ಮೆ ಓದಿದರೆ ಉತ್ತರ ಸಿಗುತ್ತದೆ. ಹೊಗೆ, ನೀರು, ಇಂಧನ, ತ್ಯಾಜ್ಯಗಳ ಜೊತೆಗೆ ಅದರಲ್ಲಿ ಸಣ್ಣ ಉದ್ದಿಮೆಗಳಿಂದ ಕೊಂಡ ಸರಕಿನ ಪ್ರಮಾಣವಿದೆ. ಸಣ್ಣ ಊರುಗಳಲ್ಲಿ ಕೊಟ್ಟ ಕೂಲಿ-ಸಂಬಳದ ಪಾಲಿದೆ. ಗುತ್ತಿಗೆ ಕಾರ್ಮಿಕರೂ ಸೇರಿದಂತೆ ಅಪಘಾತಗಳ ಲೆಕ್ಕವಿದೆ. ವಿತರಕರ ಮೂಲಕ ಆದ ಮಾರಾಟದ ಪಾಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಪೂರೈಕೆದಾರರ ಬಿಲ್ಲು ಎಷ್ಟು ದಿನ ಬಾಕಿ ಉಳಿಯುತ್ತದೆ ಎಂಬ ಲೆಕ್ಕವಿದೆ.

ಈ ಕೊನೆಯ ಲೆಕ್ಕದ ಬಳಿ ಸ್ವಲ್ಪ ನಿಲ್ಲಬೇಕು. ಸೂತ್ರ ಸರಳವಾಗಿದೆ: ಕೊಡಬೇಕಾದ ಬಾಕಿಯನ್ನು 365ರಿಂದ ಗುಣಿಸಿ, ವರ್ಷದಲ್ಲಿ ಕೊಂಡ ಸರಕು-ಸೇವೆಗಳ ವೆಚ್ಚದಿಂದ ಭಾಗಿಸುವುದು. ಉದಾಹರಣೆಗೆ ಒಂದು ಕಂಪನಿ ವರ್ಷಕ್ಕೆ 100 ಕೋಟಿ ರೂಪಾಯಿಯ ಖರೀದಿ ಮಾಡುತ್ತದೆಂದು ಭಾವಿಸೋಣ. ಅದರಲ್ಲಿ 90 ಕೋಟಿ ರೂಪಾಯಿಯದು ಕಲ್ಲಿದ್ದಲು ಮೊದಲಾದ ದೊಡ್ಡ ಪೂರೈಕೆ. ಅದಕ್ಕೆ ಹತ್ತೇ ದಿನದಲ್ಲಿ ಹಣ ಸಂದಾಯವಾಗುತ್ತದೆ. ಉಳಿದ 10 ಕೋಟಿ ಸ್ಥಳೀಯ ಸಣ್ಣ ಘಟಕಗಳದು. ಅವರ ಬಿಲ್ಲು 120 ದಿನ ಮೇಜಿನ ಮೇಲಿರುತ್ತದೆ. ವರದಿಯಲ್ಲಿ ಅಚ್ಚಾಗುವ ಅಂಕಿ 21 ದಿನ! ದೃಢೀಕರಣ ಮಾಡುವವರು ಆ 21ನ್ನು ಪರಿಶೀಲಿಸಿ ಸರಿಯಿದೆಯೆಂದು ಮುದ್ರೆ ಒತ್ತುತ್ತಾರೆ. ಗಣಿತ ಸರಿಯಾಗಿಯೇ ಇದೆ. ಬ್ಯಾಂಕಿನ ಓವರ್‌ಡ್ರಾಫ್ಟಿಗೆ ಬಡ್ಡಿ ತೆರುತ್ತ ಕುಳಿತ ಫ್ಯಾಬ್ರಿಕೇಶನ್ ಘಟಕದ ಮಾಲೀಕನಿಗೆ ಮಾತ್ರ ಆ ಗಣಿತದಲ್ಲಿ ಸ್ಥಾನವಿಲ್ಲ.

ಕಾನೂನು ಇವರ ಪರವಾಗಿಲ್ಲವೆಂದಲ್ಲ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆಯು ಅವಧಿ ಮೀರಿದ ಇಂಥ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಲು ಅವಕಾಶ ನೀಡಿತು. ಆದರೆ ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ. ವರ್ತಕರನ್ನು 2021ರಲ್ಲಿ ಉದ್ಯಮ್ ನೋಂದಣಿಗೆ ಸೇರಿಸಿಕೊಂಡದ್ದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರ. ಇನ್ನು ಕಾಯ್ದೆಯ ನೆರವು ಪಡೆಯಬಲ್ಲ ತಯಾರಕರಲ್ಲೂ, ಇದ್ದೊಬ್ಬ ದೊಡ್ಡ ಗಿರಾಕಿಯ ವಿರುದ್ಧ ದೂರು ಕೊಟ್ಟು ಮರುದಿನ ಅದೇ ಗೇಟಿಗೆ ಹೋಗಿ ನಿಲ್ಲುವ ಧೈರ್ಯ ಎಷ್ಟು ಜನಕ್ಕಿದ್ದೀತು? ಆದ್ದರಿಂದಲೇ ದೂರಿನ ಹಾದಿಗಿಂತ ಪ್ರಕಟಣೆಯ ಹಾದಿ ಸಣ್ಣವರಿಗೆ ಹೆಚ್ಚು ಉಪಯುಕ್ತ. ಬಾಕಿಯ ದಿನಗಳನ್ನು ಸಣ್ಣ ಪೂರೈಕೆದಾರರಿಗೆ ಬೇರೆಯಾಗಿ, ಕಾರ್ಖಾನೆವಾರು ತೋರಿಸಿದರೆ ಯಾರ ಹೆಸರೂ ಹೊರಬರದೆ ಸತ್ಯ ಹೊರಬರುತ್ತದೆ.

ಸಣ್ಣ ಊರುಗಳ ಸಂಬಳದ ಲೆಕ್ಕಕ್ಕೂ ಇದೇ ದೋಷ. ಅಲ್ಲಿ ಎಣಿಕೆಯಾಗುವುದು ಕೆಲಸ ನಡೆಯುವ ಸ್ಥಳ, ಕೆಲಸಗಾರನ ಊರಲ್ಲ. ಹೊರರಾಜ್ಯದಿಂದ ಬಂದು ಕಾರ್ಖಾನೆಯ ವಸತಿ ಕಾಲೊನಿಯಲ್ಲಿರುವ ಅಧಿಕಾರಿಯ ಸಂಬಳವೂ ಗ್ರಾಮೀಣ ಉದ್ಯೋಗದ ಖಾತೆಗೇ ಜಮೆ. ಕುಂಚಾವರಂ ಸುತ್ತಲಿನ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳಿಗೆ ಐವತ್ತು-ಅರವತ್ತು ಕಿಲೋಮೀಟರಿನೊಳಗಿನ ಕಾರ್ಖಾನೆಯಲ್ಲಿ ಎಷ್ಟು ಕೆಲಸ ಸಿಕ್ಕಿತೆಂಬುದನ್ನು ಆ ಶೇಕಡಾವಾರು ಹೇಳಲಾರದು. ವಿಕಾ ಸಮೂಹದ ಷೇರು ವ್ಯವಹರಿಸುವುದು ಪ್ಯಾರಿಸ್ಸಿನಲ್ಲಾದ್ದರಿಂದ, ಚಿಂಚೋಳಿಯ ಕಾರ್ಖಾನೆಗೆ ಸೆಬಿಯ ಈ ನಿಯಮ ನೇರವಾಗಿ ಅನ್ವಯಿಸುವುದೂ ಇಲ್ಲ.

ಇನ್ನು ಮುದ್ರೆಯ ಪ್ರಶ್ನೆ. ಹೈದರಾಬಾದಿನ ಸತ್ಯಂ ಕಂಪನಿಗೆ 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಲೆಕ್ಕ ಸುಳ್ಳೆಂದು ಪತ್ರ ಬರೆದರು, ಪ್ರಶಸ್ತಿಯನ್ನು ಹಿಂಪಡೆಯಲಾಯಿತು. ಹೆಸರಾಂತ ಲೆಕ್ಕಪರಿಶೋಧಕರ ಸಹಿ ಆ ಲೆಕ್ಕದ ಕೆಳಗಿತ್ತು. ದುಡ್ಡಿನ ಲೆಕ್ಕದಲ್ಲೇ ಹೀಗಾದರೆ ಧೂಳಿನ ಲೆಕ್ಕದ ಗತಿಯೇನು?

ಅದಕ್ಕೆ ಗುಜರಾತಿನಲ್ಲಿ ಉತ್ತರ ದೊರೆತಿದೆ. ಅಲ್ಲಿ ಕೈಗಾರಿಕೆಗಳು ತಾವೇ ಆರಿಸಿ, ತಾವೇ ಶುಲ್ಕ ಕೊಡುವ ಪರಿಸರ ಲೆಕ್ಕಪರಿಶೋಧಕರ ವ್ಯವಸ್ಥೆ 1996ರಿಂದ ಜಾರಿಯಲ್ಲಿತ್ತು. ಎಸ್ತೆರ್ ದುಫ್ಲೊ ಹಾಗೂ ಸಂಗಡಿಗರು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೊಂದಿಗೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಶೋಧಕರ ವರದಿಯಂತೆ ಧೂಳಿನ ಮಿತಿ ಮೀರಿದ ಘಟಕಗಳು ಶೇ. 7, ಬೇರೆಯವರು ಹೋಗಿ ಅಳೆದಾಗ ಶೇ. 59! ಪರಿಶೋಧಕರನ್ನು ಚೀಟಿ ಎತ್ತಿದಂತೆ ನಿಯೋಜಿಸಿ, ಸಾಮಾನ್ಯ ನಿಧಿಯಿಂದ ನಿಗದಿತ ಶುಲ್ಕ ಕೊಟ್ಟು, ಅವರ ಕೆಲಸವನ್ನು ಮತ್ತೊಮ್ಮೆ ಪರೀಕ್ಷಿಸತೊಡಗಿದಾಗ ವರದಿಗಳು ಸತ್ಯಕ್ಕೆ ಹತ್ತಿರವಾದವು. ಮಾಲಿನ್ಯವೂ ಇಳಿಯಿತು. ಕೇಂದ್ರ ಸರ್ಕಾರವು 2025ರ ಆಗಸ್ಟ್‌ನಲ್ಲಿ ಹೊರಡಿಸಿದ ಪರಿಸರ ಲೆಕ್ಕಪರಿಶೋಧನಾ ನಿಯಮಗಳಲ್ಲಿ ಇದೇ ಬಗೆಯ ನಿಯೋಜನೆಯನ್ನು ಅಳವಡಿಸಿಕೊಳ್ಳಲಾಗಿದೆ.

ಸೆಬಿಯ ವ್ಯವಸ್ಥೆ ಅಷ್ಟು ದೂರ ಹೋಗಿಲ್ಲ. ದೃಢೀಕರಿಸುವವರು ಅದೇ ಕಂಪನಿಗೆ ಸಲಹೆ ಮಾರುವಂತಿಲ್ಲ ಎಂಬ ನಿರ್ಬಂಧವಿದೆ, ಅದು ಒಳ್ಳೆಯದೇ. ಆದರೆ ಆಯ್ಕೆ ಕಂಪನಿಯದು, ಶುಲ್ಕವೂ ಕಂಪನಿಯದು. 2025ರ ಮಾರ್ಚ್‌ನಲ್ಲಿ ‘ದೃಢೀಕರಣ’ದ ಜಾಗದಲ್ಲಿ ‘ಮೌಲ್ಯಮಾಪನ ಅಥವಾ ದೃಢೀಕರಣ’ ಎಂದು ಸಡಿಲಿಸಲಾಯಿತು. ಪೂರೈಕೆ ಸರಣಿಯ ವಿವರವನ್ನು ಐಚ್ಛಿಕಗೊಳಿಸಿ, ಕಂಪನಿಯ ಖರೀದಿ ಇಲ್ಲವೆ ಮಾರಾಟದಲ್ಲಿ ಶೇ. 2 ಅಥವಾ ಹೆಚ್ಚಿನ ಪಾಲಿರುವವರಿಗೆ ಸೀಮಿತಗೊಳಿಸಲಾಯಿತು. ಸಣ್ಣವರಿಗೆ ಕಾಗದದ ಹೊರೆ ತಪ್ಪಿತೆಂದು ಇದನ್ನು ಸ್ವಾಗತಿಸಿದವರಿದ್ದಾರೆ. ಶಹಾಬಾದಿನ ಒಂದು ಸಣ್ಣ ವರ್ಕ್‌ಶಾಪು ರಾಷ್ಟ್ರಮಟ್ಟದ ಸಿಮೆಂಟ್ ಕಂಪನಿಯ ಖರೀದಿಯಲ್ಲಿ ಶೇ. 2 ಆಗಿದ್ದು ಯಾವಾಗ? ಅದೇ ಪ್ರಶ್ನಾವಳಿ ಖರೀದಿ ಆದೇಶದ ಷರತ್ತಾಗಿ ಬರುವುದಕ್ಕೆ ಈ ಸಡಿಲಿಕೆ ಅಡ್ಡಿಯೂ ಅಲ್ಲ. ಬಂದಾಗ, ಓದದೆ ಸಹಿ ಹಾಕಿದ ಸ್ವಯಂ ಘೋಷಣೆಯೇ ಮುಂದೆ ಪೂರೈಕೆದಾರನ ಕೊರಳಿಗೆ ಬಂದೀತು.

ಇವೆಲ್ಲವುಗಳ ನಡುವೆ ಒಂದು ದಾರಿ ತೆರೆದೇ ಇದೆ. ಒಂದೇ ಒಂದು ಷೇರು ಹೊಂದಿದವರಿಗೂ ವಾರ್ಷಿಕ ಮಹಾಸಭೆಯಲ್ಲಿ ಪ್ರಶ್ನೆ ಕೇಳುವ ಅವಕಾಶವಿದೆ. ಈಗ ಅನೇಕ ಸಭೆಗಳು ವಿಡಿಯೊ ಮೂಲಕ ನಡೆಯುವುದರಿಂದ ಮುಂಬಯಿಗೆ ಟಿಕೆಟ್ ಕೊಳ್ಳಬೇಕಾಗಿಯೂ ಇಲ್ಲ. ವಾಣಿಜ್ಯೋದ್ಯಮ ಸಂಸ್ಥೆಯೊಂದು ತನ್ನ ಸದಸ್ಯರ ಪರವಾಗಿ ಎರಡೇ ಅಂಕಿಗಳನ್ನು ಲಿಖಿತವಾಗಿ ಕೇಳಬಹುದು: ಸೇಡಂ, ಚಿತ್ತಾಪುರ, ವಾಡಿ ಕಾರ್ಖಾನೆಗಳಲ್ಲಿ ಸಣ್ಣ ಪೂರೈಕೆದಾರರ ಬಿಲ್ಲು ಎಷ್ಟು ದಿನ ಬಾಕಿ ಇರುತ್ತದೆ, ಆ ಅಂಕಿಯನ್ನು ಪರಿಶೀಲಿಸಿದವರು ಕಾರ್ಖಾನೆಯ ಗೇಟಿನೊಳಗೆ ಎಷ್ಟು ದಿನ ಇದ್ದರು.