ಕಣ್ಣು ಕೆಂಪಾದರೆಲ್ಲ ಉಷ್ಣವಲ್ಲ!

ಮನೆಯಲ್ಲಿ ಯಾರದ್ದಾದರೂ ಕಣ್ಣು ಕೆಂಪಾದರೆ ನಾವು ಮೊದಲು ಹೇಳುವ ಮಾತು, ‘ಉಷ್ಣ ಆಗಿರ್ಬೇಕು ಬಿಡಿ’. ನೆತ್ತಿಗೆ ಹರಳೆಣ್ಣೆ ತಟ್ಟಿ, ಕಣ್ಣಿನ ಮೇಲೆ ನಂದಿಬಟ್ಟಲು ಹೂವಿಟ್ಟು ಸುಮ್ಮನಾಗುತ್ತೇವೆ. ಗಟ್ಟಿಮುಟ್ಟಾಗಿರುವವರಿಗೆ ಬರುವ ‘ಮದ್ರಾಸ್ ಐ’ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ, ಸರಿ. ಆದರೆ ಮನೆಯಲ್ಲಿ ಕೀಮೋಥೆರಪಿ ಪಡೆಯುತ್ತಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಇರುವವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗುತ್ತಿರುವವರು ಇದ್ದರೆ? ಅವರ ವಿಷಯದಲ್ಲಿ ಈ ‘ನೋಡೋಣ ಬಿಡಿ’ ದೃಷ್ಟಿಯನ್ನೇ ಕಸಿಯಬಹುದು.

ನಮ್ಮತ್ತೆಯವರು ಸಂಧಿವಾತಕ್ಕೆ ಸ್ಟೀರಾಯ್ಡ್ ಮಾತ್ರೆ ತಗೊಳ್ತಿದ್ದರು. ಒಂದು ದಿನ ಹಣೆಯ ಒಂದೇ ಪಕ್ಕ ಉರಿ, ಮಾರನೇ ದಿನ ನೀರುಗುಳ್ಳೆ. ‘ಸರ್ಪಸುತ್ತು, ಕೆಮ್ಮಣ್ಣು ಹಚ್ಚಿಸಿ’ ಅಂದರು ಪಕ್ಕದ ಮನೆಯವರು. ನಾನೂ ಹೂಂ ಅಂದಿದ್ದೆ! ಮೂಗಿನ ತುದಿಯಲ್ಲೂ ಒಂದು ಗುಳ್ಳೆ ಕಂಡಾಗ ಹೆದರಿ ಕಣ್ಣಿನ ಡಾಕ್ಟರ ಹತ್ತಿರ ಓಡಿದೆವು. ‘ಇವತ್ತೇ ಬಂದಿದ್ದು ಒಳ್ಳೇದಾಯ್ತು’ ಎಂದರವರು. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲು. ಅಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ತಗಲುವ ಸಾಧ್ಯತೆ ಹೆಚ್ಚಂತೆ.

ಸರ್ಪಸುತ್ತು ಯಾವ ಶಾಪವೂ ಅಲ್ಲ. ‘ಅಮ್ಮ’ ಅಂತೀವಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ನರಗಳಲ್ಲಿ ಅವಿತಿದ್ದು, ರೋಗನಿರೋಧಕ ಶಕ್ತಿ ಕುಗ್ಗಿದಾಗ ತಲೆಯೆತ್ತುತ್ತದೆ. ಅಸೈಕ್ಲೊವಿರ್, ವಾಲಾಸೈಕ್ಲೊವಿರ್‌ನಂಥ ಔಷಧವನ್ನು 72 ಗಂಟೆಯೊಳಗೆ ಶುರು ಮಾಡಿದರೆ ಗುಣ ಜಾಸ್ತಿ. ಸಾಮಾನ್ಯವಾಗಿ 7ರಿಂದ 10 ದಿನ ಮಾತ್ರೆ. ಶಕ್ತಿ ತೀರಾ ಕುಗ್ಗಿದವರಿಗೆ ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಕೊಡುತ್ತಾರೆ. ಕಿಡ್ನಿ ತೊಂದರೆ ಇದ್ದರೆ ಡೋಸ್ ಕಡಿಮೆ ಮಾಡಬೇಕಾಗುತ್ತದೆ. 72 ಗಂಟೆ ದಾಟಿತೆಂದು ಕೈಚೆಲ್ಲಬೇಡಿ, ಇಂಥವರಿಗೆ ಆಮೇಲೂ ಚಿಕಿತ್ಸೆ ಬೇಕು.

ಇನ್ನೊಂದು ಸೋಂಕು ಕಳ್ಳಹೆಜ್ಜೆಯದು. ಸಿಎಂವಿ ಎಂಬ ವೈರಸ್ ಕಣ್ಣಿನ ಹಿಂಭಾಗದ ರೆಟಿನಾವನ್ನು ತಿನ್ನುತ್ತದೆ. ನೋವಿಲ್ಲ, ಕೆಂಪೂ ಇಲ್ಲ! ಕಣ್ಣೆದುರು ಚುಕ್ಕೆಗಳು ತೇಲುವುದು, ನೋಟ ಮಂಜಾಗುವುದು ಅಷ್ಟೇ. ಎಚ್‌ಐವಿ ಇದ್ದು ಸಿಡಿ4 ಎಣಿಕೆ 50ಕ್ಕಿಂತ ಕೆಳಗಿಳಿದವರಿಗೆ, ಅಂಗಾಂಗ ಕಸಿಯಾದವರಿಗೆ ಇದರ ಭಯ. ಗ್ಯಾನ್‌ಸೈಕ್ಲೊವಿರ್, ವಾಲ್‌ಗ್ಯಾನ್‌ಸೈಕ್ಲೊವಿರ್ ಇದಕ್ಕೆ ಮದ್ದು. ಕೆಲವೊಮ್ಮೆ ಕಣ್ಣಿನೊಳಕ್ಕೇ ಇಂಜೆಕ್ಷನ್ ಕೊಡುತ್ತಾರೆ. ಈ ಔಷಧಗಳಿಂದ ಬಿಳಿ ರಕ್ತಕಣ ಇಳಿಯಬಹುದಾದ್ದರಿಂದ ರಕ್ತಪರೀಕ್ಷೆ ತಪ್ಪಿಸಬಾರದು. ಹಾಳಾದ ರೆಟಿನಾ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು. ಅದಕ್ಕೇ ಬೇಗ ಹೋಗಿ.

ಗೃಹಿಣಿಯರೇ, ಇಷ್ಟು ನೆನಪಿಡಿ. ಹಿಂದೆ ಯಾರಿಗೋ ಬರೆದುಕೊಟ್ಟ ಡ್ರಾಪ್ಸ್ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಕಣ್ಣಲ್ಲಿ ಹರ್ಪಿಸ್ ಸೋಂಕಿದ್ದರೆ ಕಾರ್ನಿಯಾದ ಹುಣ್ಣು ಉಲ್ಬಣಿಸುತ್ತದೆ. ಹಾಗಂತ ನುಂಗುತ್ತಿರುವ ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂಬೇಡಿ. 50 ದಾಟಿದವರಿಗೆ 2023ರಿಂದ ನಮ್ಮ ದೇಶದಲ್ಲೂ ಸರ್ಪಸುತ್ತಿಗೆ ಹೊಸ ಲಸಿಕೆ ಸಿಗುತ್ತಿದೆ, ಅದರಲ್ಲಿ ಜೀವಂತ ವೈರಸ್ ಇಲ್ಲ. ನಿಮ್ಮ ಡಾಕ್ಟರನ್ನು ಕೇಳಿ ನೋಡಿ.

ಎಲ್ಲಕ್ಕಿಂತ ಮುಖ್ಯ, ಕಾಯಿಲೆ ಮುಚ್ಚಿಡಬೇಡಿ. ಎಚ್‌ಐವಿಯೋ ಕ್ಯಾನ್ಸರೋ, ಅಕ್ಕಪಕ್ಕದವರಿಗೆ ಹೇಳಬೇಕಿಲ್ಲ. ಕಣ್ಣಿನ ಡಾಕ್ಟರಿಗೆ ಮಾತ್ರ ಹೇಳಲೇಬೇಕು, ನುಂಗುವ ಮಾತ್ರೆಗಳ ಚೀಟಿ ತೋರಿಸಲೇಬೇಕು. ಸಂಕೋಚಕ್ಕೆ ಕಣ್ಣಿನ ಬೆಲೆ ಕೊಡುವುದು ಬೇಡ.

ನಮ್ಮತ್ತೆ ಈಗ ಕನ್ನಡಕ ಏರಿಸಿಕೊಂಡು ಬೆಳಗಿನ ಪೇಪರ್ ನನಗಿಂತ ಮೊದಲೇ ಓದಿ ಮುಗಿಸ್ತಾರೆ. ನೀವೂ ಇವತ್ತೇ ಕಪಾಟು ತೆಗೆದು, ಆ ಹಳೇ ಡ್ರಾಪ್ಸ್ ಬಾಟಲಿಗಳನ್ನು ಬಿಸಾಕಿಬಿಡಿ!